ಸಾಹಿರ್ ಮಾತು, ಮೂರ್ತಿ ಬೆಳಕು

‘ಪ್ಯಾಸಾ’ ಚಿತ್ರದ ಕವಿ ವಿಜಯನ ಕವಿತೆಗಳನ್ನು ಮೊದಲು ಮನಸಾರೆ ಓದಿದವಳು ಗುಲಾಬೋ. ಅಣ್ಣಂದಿರು ಮನೆಯಲ್ಲಿ ಬಿದ್ದಿದ್ದ ಅವನ ಬರವಣಿಗೆಯ ಕಟ್ಟನ್ನು ರದ್ದಿಯವನಿಗೆ ಮಾರಿಬಿಟ್ಟಿರುತ್ತಾರೆ. ಆ ಕಟ್ಟನ್ನು ರದ್ದಿ ಅಂಗಡಿಯಿಂದ ದುಡ್ಡು ಕೊಟ್ಟು ತಂದವಳು ಬೀದಿಯಲ್ಲಿ ಗಿರಾಕಿಗಾಗಿ ಕಾಯುವ ಹೆಣ್ಣು. ಓದುತ್ತಾಳೆ, ಬಾಯಿಪಾಠ ಮಾಡಿಕೊಳ್ಳುತ್ತಾಳೆ, ರಾತ್ರಿ ಅದೇ ಸಾಲುಗಳನ್ನು ಗುನುಗುತ್ತಾಳೆ. ತನ್ನದೇ ಕವಿತೆ ಕತ್ತಲಲ್ಲಿ ಇನ್ಯಾರದೋ ಬಾಯಲ್ಲಿ ಹಾಡಾಗಿರುವುದನ್ನು ಕೇಳಿ ವಿಜಯ ಅವಳ ಹಿಂದೆ ನಡೆಯುತ್ತಾನೆ. ಚಿತ್ರದ ಕೊನೆಯ ಭಾಗದಲ್ಲಿ ಒಂದು ಸಭಾಂಗಣ ತುಂಬ ಅಭಿಮಾನಿಗಳಿದ್ದಾರೆ. ಸತ್ತುಹೋದನೆಂದು ನಂಬಲಾದ ಕವಿಯ ಪುಣ್ಯತಿಥಿಗೆ ಬಂದವರು ಅವರು. ಆ ಕವಿಯೇ ಬಾಗಿಲಲ್ಲಿ ನಿಂತು ಹಾಡತೊಡಗಿದಾಗ ಸಭೆ ದಿಕ್ಕೆಡುತ್ತದೆ, ದೀಪಗಳು ಆರುತ್ತವೆ, ನೂಕುನುಗ್ಗಲಾಗುತ್ತದೆ.

ಸಿನಿಮಾ ಹಾಡು ಬರೆದ ಒಬ್ಬ ಕವಿಯನ್ನು ಮೆಚ್ಚುವುದು ಅಂದರೇನು ಎಂಬ ಪ್ರಶ್ನೆಗೆ 1957ರಲ್ಲಿ ಬಂದ ಈ ಚಿತ್ರದಷ್ಟು ನೇರವಾದ ಉತ್ತರವನ್ನು ನಾನು ಬೇರೆಲ್ಲೂ ಕಂಡಿಲ್ಲ. ಗುಲಾಬೋ ಕವಿಯ ಮುಖ ನೋಡುವ ಮೊದಲೇ ಅವನ ಮಾತನ್ನು ತನ್ನದಾಗಿಸಿಕೊಂಡವಳು. ಸಭಾಂಗಣದವರಿಗೆ ಕವಿಯ ಹೆಸರು ಗೊತ್ತು, ಸಾವು ಗೊತ್ತು. ಪ್ಯಾಸಾದ ಹಾಡುಗಳನ್ನು ಬರೆದ ಸಾಹಿರ್ ಲುಧಿಯಾನ್ವಿಯ ಅಭಿಮಾನಿಗಳು ನಮ್ಮ ಚಾಮರಾಜಪೇಟೆಯಲ್ಲೂ ಇದ್ದಾರೆ. ಅವರ ನಡುವೆ ಕೂತು ಕೇಳಿದ್ದನ್ನು, ನೋಡಿದ್ದನ್ನು ಇಲ್ಲಿ ಹೇಳಬೇಕು. ಜತೆಗೆ ಇನ್ನೊಂದು ಮಾತನ್ನೂ ಹೇಳಲೇಬೇಕು: ಆ ಉರ್ದು ಸಾಲುಗಳ ಮೇಲೆ ಬಿದ್ದ ಬೆಳಕು ಕನ್ನಡದವರೊಬ್ಬರದು. ಅವರು ತಮ್ಮ ಕೊನೆಯ ವರ್ಷಗಳನ್ನು ಕಳೆದದ್ದು ಇಲ್ಲಿಂದ ಕಾಲ್ನಡಿಗೆಯ ದೂರದ ಶಂಕರಪುರದಲ್ಲಿ.

ಚಾಮರಾಜಪೇಟೆ 1892ರಲ್ಲಿ ಗೆರೆ ಹಾಕಿದಂತೆ ನೇರವಾದ ರಸ್ತೆಗಳೊಂದಿಗೆ ಹುಟ್ಟಿದ ಬಡಾವಣೆ. ಕನ್ನಡ ಸಾಹಿತ್ಯ ಪರಿಷತ್ತು ಇರುವುದು ಇಲ್ಲೇ. ತಲೆಮಾರುಗಳ ಕಾಲ ಮನೆಮಂದಿಗೆ, ಅದರಲ್ಲೂ ಹೆಣ್ಣುಮಕ್ಕಳಿಗೆ ಹಿಂದಿ ಕಲಿಸಿದ ಕರ್ನಾಟಕ ಮಹಿಳಾ ಹಿಂದಿ ಸೇವಾ ಸಮಿತಿಯೂ ಇಲ್ಲೇ. ರಾಮನವಮಿ ಬಂದರೆ ಕೋಟೆ ಹೈಸ್ಕೂಲಿನ ಮೈದಾನದಲ್ಲಿ ಸಂಗೀತೋತ್ಸವದ ಚಪ್ಪರ ಏಳುತ್ತದೆ. ಈದ್ಗಾ ಮೈದಾನದ ಕಡೆ ನಡೆದರೆ ಅಂಗಡಿಗಳಲ್ಲಿ ದಖನಿ ಉರ್ದು ಕಿವಿಗೆ ಬೀಳುತ್ತದೆ. ಬೆಂಗಳೂರಿನ ಉರ್ದು ಅಂದರೆ ಬರೀ ಬೀದಿಯ ಮಾತಲ್ಲ. ಮಹಮೂದ್ ಅಯಾಜ್ ಈ ಊರಿನಲ್ಲಿ ಕೂತು ಹೊರತಂದ ‘ಸೌಗಾತ್’ ಪತ್ರಿಕೆಯನ್ನು ಉತ್ತರದ ಉರ್ದು ಲೇಖಕರು ಕಾದು ಓದುತ್ತಿದ್ದರು. ಹೀಗೆ ಪರಿಷತ್ತಿನ ಕನ್ನಡ, ಸಮಿತಿಯ ಹಿಂದಿ, ಮೈದಾನದಾಚೆಯ ಉರ್ದು ಮೂರೂ ಒಂದೇ ಪೇಟೆಯಲ್ಲಿ ಕೇಳಿಸುವಾಗ ಇಲ್ಲೊಂದಿಷ್ಟು ಜನ ಸಾಹಿರನನ್ನು ಹಚ್ಚಿಕೊಂಡದ್ದರಲ್ಲಿ ಆಶ್ಚರ್ಯವಿಲ್ಲ.

ನಾನು ಹೋಗಿ ಕೂರುವ ಕೂಟಕ್ಕೆ ಹೆಸರಿಲ್ಲ, ಬೋರ್ಡಿಲ್ಲ. ಹಳೆಯ ಮನೆಯೊಂದರ ನಡುಮನೆಯಲ್ಲಿ ಭಾನುವಾರ ಸಂಜೆ ಏಳೆಂಟು ಜನ ಸೇರುತ್ತಾರೆ. ಹಿಂದಿ ಕಲಿಸಿ ನಿವೃತ್ತರಾದ ಟೀಚರಮ್ಮ ಇದ್ದಾರೆ. ಉರ್ದು ಶಾಲೆಯಲ್ಲಿ ಮೇಷ್ಟ್ರಾಗಿದ್ದ, ಎಲ್ಲರೂ ಸಾಹೇಬ್ರೇ ಎಂದು ಕರೆಯುವ ಹಿರಿಯರಿದ್ದಾರೆ. ಬ್ಯಾಂಕಿನವರು, ಅಚ್ಚುಕೂಟ ನಡೆಸಿದವರು, ಕಾಲೇಜಿಗೆ ಹೋಗುವ ಒಬ್ಬ ಹುಡುಗಿ ಕೂಡ. ಒಂದು ಹಾಡು ಹಾಕುತ್ತಾರೆ. ಮುಗಿದ ಮೇಲೆ ಸಾಹೇಬರು ಅದನ್ನು ರಾಗವಿಲ್ಲದೆ, ಬರೀ ಪದ್ಯವಾಗಿ ಓದುತ್ತಾರೆ. ಆಮೇಲೆ ಅದೇ ಹಾಡನ್ನು ಪರದೆಯ ಮೇಲೆ ನೋಡುತ್ತಾರೆ. ಕೇಳುವುದು, ಓದುವುದು, ನೋಡುವುದು ಎಂಬ ಈ ಕ್ರಮವನ್ನು ತಂದವರು ಟೀಚರಮ್ಮನೇ. “ಮೊದಲೇ ನೋಡಿಬಿಟ್ಟರೆ ಕಿವಿ ಸೋಮಾರಿಯಾಗುತ್ತೆ” ಅನ್ನುವುದು ಅವರ ವಾದ.

ಅವರ ತಲೆಮಾರಿನ ಕಿವಿ ತಯಾರಾದದ್ದು ರೇಡಿಯೊ ಮುಂದೆ. 1952ರಲ್ಲಿ ಬಿ.ವಿ. ಕೇಸ್ಕರ್ ಮಂತ್ರಿಯಾಗಿದ್ದಾಗ ಆಕಾಶವಾಣಿಯಲ್ಲಿ ಸಿನಿಮಾ ಹಾಡು ಮಾಯವಾಯಿತು. ದೇಶದ ಮನೆಗಳು ರೇಡಿಯೊ ಸಿಲೋನ್ ಕಡೆ ಮುಳ್ಳು ತಿರುಗಿಸಿದವು. ಅಮೀನ್ ಸಯಾನಿಯವರ ‘ಬಿನಾಕಾ ಗೀತಮಾಲಾ’ ಶುರುವಾದದ್ದೂ ಅದೇ ವರ್ಷ. ಆಕಾಶವಾಣಿ ಮನಸ್ಸು ಬದಲಿಸಿ ವಿವಿಧ ಭಾರತಿಯನ್ನು ಆರಂಭಿಸಿದ್ದು 1957ರ ಅಕ್ಟೋಬರ್ 3ರಂದು, ಪ್ಯಾಸಾ ತೆರೆ ಕಂಡ ವರ್ಷವೇ. ರೇಡಿಯೊದಲ್ಲಿ ಹಾಡಿನ ಜತೆ ಹಾಡಿದವರ, ರಾಗ ಹಾಕಿದವರ ಹೆಸರು ಹೇಳಿ ಬರೆದವರನ್ನು ಬಿಟ್ಟುಬಿಡುವ ರೂಢಿಯ ವಿರುದ್ಧ ಗಟ್ಟಿಯಾಗಿ ಜಗಳ ಆಡಿದವರಲ್ಲಿ ಸಾಹಿರ್ ಮುಖ್ಯರು. ಇವತ್ತು ನಾವು ‘ಸಾಹಿತ್ಯ: ಇಂಥವರು’ ಎಂದು ಸಹಜವಾಗಿ ಕೇಳಿಸಿಕೊಳ್ಳುವುದರ ಹಿಂದೆ ಆ ಹಠವಿದೆ. ಸಿನಿಮಾಕ್ಕೆ ಬರೆದೂ ಕವಿಯ ಮರ್ಯಾದೆ ಕಳೆದುಕೊಳ್ಳಲೊಲ್ಲೆ ಎಂದ ಮನುಷ್ಯ. ನನಗೆ ಅವರು ಹತ್ತಿರವಾಗುವುದಕ್ಕೆ ಹಾಡುಗಳಷ್ಟೇ ಈ ಗುಣವೂ ಕಾರಣ.

ಅಬ್ದುಲ್ ಹಯೀ ಅವರ ಹುಟ್ಟುಹೆಸರು. 1921ರ ಮಾರ್ಚ್ 8ರಂದು ಲುಧಿಯಾನದಲ್ಲಿ ಜಮೀನ್ದಾರನ ಮಗನಾಗಿ ಹುಟ್ಟಿದರೂ ಬೆಳೆದದ್ದು ಗಂಡನನ್ನು ಬಿಟ್ಟುಬಂದ ತಾಯಿ ಸರ್ದಾರ್ ಬೇಗಂ ಅವರ ಆಸರೆಯಲ್ಲಿ. ಇಪ್ಪತ್ತರ ಹರೆಯದಲ್ಲೇ ‘ತಲ್ಖಿಯಾಂ’ ಸಂಕಲನ ಬಂದು ಹೆಸರಾಯಿತು. ಮುಂಬೈಗೆ ಬಂದು 1951ರಲ್ಲಿ ‘ನೌಜವಾನ್’, ‘ಬಾಜಿ’ ಚಿತ್ರಗಳಿಂದ ನೆಲೆಯೂರಿದಾಗ ಅವರು ಹಾಡು ಬರೆಯಲು ಕಲಿಯುತ್ತಿದ್ದ ಹುಡುಗನಲ್ಲ, ಆಗಲೇ ಓದುಗರಿದ್ದ ಕವಿ. ಪ್ಯಾಸಾದಲ್ಲಿ ವಿಜಯನ ಪುಸ್ತಕಕ್ಕೆ ಇಟ್ಟ ಹೆಸರು ‘ಪರ್ಛಾಯಿಯಾಂ’. ಯುದ್ಧದ ವಿರುದ್ಧ ಸಾಹಿರ್ ಬರೆದ ನೀಳ್ಗವಿತೆಯ ಹೆಸರೂ ಅದೇ. ಚಿತ್ರದ ಕವಿಗೂ ಹೊರಗಿನ ಕವಿಗೂ ನಡುವೆ ಎಷ್ಟು ತೆಳುವಾದ ಗೋಡೆ ಇತ್ತು ಎಂಬುದಕ್ಕೆ ಇದೊಂದು ಗುರುತು.

ವೇಶ್ಯಾವಾಟಿಕೆಯ ಗಲ್ಲಿಯಲ್ಲಿ ಕುಡಿದ ವಿಜಯ ತೂರಾಡುತ್ತ ಹಾಡುವ ಹಾಡು ಸಿನಿಮಾಕ್ಕೆಂದು ಹುಟ್ಟಿದ್ದಲ್ಲ. ಅದು ಸಾಹಿರ್ ಅವರ ‘ಚಕ್ಲೇ’ ಎಂಬ ಹಳೆಯ ಕವಿತೆ. ಮೂಲದಲ್ಲಿ ಪ್ರತಿ ನುಡಿಯ ಕೊನೆಗೆ ಬರುವ ಪಲ್ಲವಿ ಪಾರಸಿ ಸಮಾಸದಿಂದ ಬಿಗಿದದ್ದು. ಪೂರ್ವದೇಶದ ಪಾವಿತ್ರ್ಯವನ್ನು ಹೊಗಳುವವರು ಎಲ್ಲಿದ್ದಾರೆ ಎಂದು ಕೇಳುವಂಥದ್ದು. ಚಿತ್ರಕ್ಕಾಗಿ ಕವಿಯೇ ಅದನ್ನು ಬಿಚ್ಚಿ, ಈ ದೇಶದ ಬಗ್ಗೆ ಹೆಮ್ಮೆ ಪಡುವವರನ್ನು ನೇರವಾಗಿ ಕರೆದು ಕೇಳುವ ಪ್ರಶ್ನೆ ಮಾಡಿದರು. ಸ್ವಾತಂತ್ರ್ಯ ಬಂದು ಹತ್ತು ವರ್ಷವಾಗಿತ್ತು. ಟಾಂಗಾ ಓಡಿಸುವವನಿಗೂ ತಟ್ಟುವ ಮಾತಾಯಿತು.

ಇದರ ಬಗ್ಗೆ ನಮ್ಮ ಕೂಟದಲ್ಲಿ ಒಂದು ಸಂಜೆಯಿಡೀ ವಾದವಾಯಿತು.

“ಮೂಲದ ಗತ್ತು ಹೋಯ್ತು ಟೀಚರಮ್ಮಾ. ಆ ಪಲ್ಲವಿ ಬಾಯಲ್ಲಿ ಬಂದಾಗ ಎದೆ ಮೇಲೆ ಕಲ್ಲಿಟ್ಟಂಗಿರುತ್ತೆ,” ಎಂದರು ಸಾಹೇಬರು.

“ಇರಬಹುದು ಸಾಹೇಬ್ರೇ. ಆದರೆ ಆ ಗಲ್ಲಿಯಲ್ಲಿದ್ದ ಹೆಣ್ಣುಮಕ್ಕಳಿಗೆ ಅರ್ಥವಾಗೋ ಹಾಗೆ ಹೇಳಬೇಡವೇ? ಅವರ ಬಗ್ಗೆ ಬರೆದದ್ದು, ಅವರಿಗೇ ತಿಳೀದಿದ್ದರೆ ಹೇಗೆ?”

ಸಾಹೇಬರು ತುಸು ಹೊತ್ತು ಸುಮ್ಮನಿದ್ದು ಎರಡೂ ಪಾಠಗಳನ್ನು ಒಂದರ ಹಿಂದೊಂದು ಓದಿದರು. ನಾನು ಟೀಚರಮ್ಮನ ಪಕ್ಷ. ಪುಸ್ತಕದ ಕವಿತೆ ಸಿನಿಮಾಕ್ಕೆ ಹೋದರೆ ತೆಳುವಾಗುತ್ತದೆ ಎಂಬ ಮಾತು ಇಲ್ಲಿ ನಿಲ್ಲುವುದಿಲ್ಲ. ಸಾಹಿರ್ ಪದಗಳ ಭಾರ ಇಳಿಸಿದರು, ಸಿಟ್ಟು ಇಳಿಸಲಿಲ್ಲ.

ಕನ್ನಡಿ ಹಿಡಿದವರು

ಇನ್ನು ಬೆಳಕಿನ ವಿಷಯ. ಪ್ಯಾಸಾದ ಛಾಯಾಗ್ರಾಹಕ ವಿ.ಕೆ. ಮೂರ್ತಿ 1923ರ ನವೆಂಬರ್ 26ರಂದು ಮೈಸೂರಿನಲ್ಲಿ ಹುಟ್ಟಿದವರು. ಸಿನಿಮಾ ಹುಚ್ಚಿಗೆ ಚಿಕ್ಕ ವಯಸ್ಸಿನಲ್ಲೇ ಮುಂಬೈಗೆ ಓಡಿಹೋಗಿ ಬರಿಗೈಲಿ ಹಿಂತಿರುಗಿದರು, ಪಿಟೀಲು ಕಲಿತರು, ಸ್ವಾತಂತ್ರ್ಯ ಹೋರಾಟದಲ್ಲಿ ಜೈಲು ಕಂಡರು. ಆಮೇಲೆ ಬೆಂಗಳೂರಿನ ಕೆ.ಆರ್. ಸರ್ಕಲ್ ಬಳಿಯ ಶ್ರೀ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್‌ನಲ್ಲಿ ಛಾಯಾಗ್ರಹಣ ಕಲಿತು 1946ರಲ್ಲಿ ಡಿಪ್ಲೊಮಾ ಪಡೆದರು. ದೇಶದಲ್ಲಿ ಸಿನಿಮಾ ಕ್ಯಾಮೆರಾ ಹಿಡಿಯುವುದನ್ನು ತರಗತಿಯಲ್ಲಿ ಕಲಿಸುತ್ತಿದ್ದ ಜಾಗಗಳು ಆಗ ಬಹಳ ವಿರಳ. ಮುಂದೆ ಗೋವಿಂದ ನಿಹಲಾನಿ ಕಲಿತದ್ದೂ ಅಲ್ಲೇ; ಅವರು ಮೂರ್ತಿಯವರ ಸಹಾಯಕರಾಗಿಯೇ ಕಸುಬು ಪಳಗಿಸಿಕೊಂಡರು.

ಬಾಜಿ ಚಿತ್ರದಲ್ಲಿ ಮೂರ್ತಿ ಸಹಾಯಕ ಮಾತ್ರ, ಕ್ಯಾಮೆರಾ ವಿ. ರಾತ್ರಾ ಅವರದು. ಮುಂದೆ ಪ್ಯಾಸಾ ನಿರ್ದೇಶಿಸಿದ ಗುರುದತ್‌ಗೆ ಅದು ನಿರ್ದೇಶನದ ಮೊದಲ ಚಿತ್ರ. ಹಾಡಿನ ಸನ್ನಿವೇಶವೊಂದರಲ್ಲಿ ಕನ್ನಡಿಯೊಳಗಿನ ಪ್ರತಿಬಿಂಬದಿಂದ ಹೊರಟು ಪಾತ್ರವನ್ನು ಹಿಂಬಾಲಿಸುವ ಒಂದು ಕಷ್ಟದ ಶಾಟ್ ಅನ್ನು ಮೂರ್ತಿ ಸೂಚಿಸಿ, ತಾವೇ ತೆಗೆದುಕೊಟ್ಟರು. ಮುಂದಿನ ಚಿತ್ರಕ್ಕೆ ನೀವೇ ನನ್ನ ಕ್ಯಾಮೆರಾಮನ್ ಎಂದು ಗುರುದತ್ ಅಲ್ಲೇ ನಿಶ್ಚಯಿಸಿದರು. ಬಾಜಿಯ ಹಾಡುಗಳೆಲ್ಲ ಸಾಹಿರ್ ಅವರವೇ. ಹಿಂದಿ ಚಿತ್ರರಂಗದ ಆ ದೊಡ್ಡ ಜೋಡಿ ಒಂದಾದದ್ದು ಸಾಹಿರ್ ಸಾಲುಗಳು ಕೇಳಿಸುತ್ತಿದ್ದಾಗಲೇ ಎಂಬುದು ನಮ್ಮ ಕೂಟದವರಿಗೆ ಬಲು ಪ್ರೀತಿಯ ಸಂಗತಿ. 1952ರ ‘ಜಾಲ್’ನಿಂದ ಮೂರ್ತಿ ಸ್ವತಂತ್ರರಾದರು, ಅದಕ್ಕೂ ಸಾಹಿರ್ ಸಾಹಿತ್ಯ, ಎಸ್.ಡಿ. ಬರ್ಮನ್ ಸಂಗೀತ.

ಗುರುದತ್ ಕೂಡ ನಮ್ಮ ಊರಿನಲ್ಲೇ, 1925ರ ಜುಲೈ 9ರಂದು ಹುಟ್ಟಿದವರು ಎಂಬುದು ಬಹುತೇಕರಿಗೆ ಗೊತ್ತು. ಅವರ ತಾಯಿ ವಾಸಂತಿ ಪಡುಕೋಣೆ ಕನ್ನಡದಲ್ಲಿ ಕಥೆ ಬರೆದವರು, ಬಂಗಾಳಿ ಕಾದಂಬರಿಗಳನ್ನು ಕನ್ನಡಕ್ಕೆ ತಂದವರು, ಮಗನನ್ನು ಕಳೆದುಕೊಂಡ ಮೇಲೆ ‘ನನ್ನ ಮಗ ಗುರುದತ್ತ’ ಎಂಬ ಪುಸ್ತಕ ಬರೆದವರು ಎಂಬುದು ಅಷ್ಟು ಜನಕ್ಕೆ ಗೊತ್ತಿಲ್ಲ. ಪ್ಯಾಸಾದ ಕಲ್ಕತ್ತಾ, ಅಲ್ಲಿನ ವೈಷ್ಣವ ಕೀರ್ತನೆಯ ಧಾಟಿ, ಬರೆಯುವವನ ಬಗೆಗಿನ ಆ ಮರುಕ ಇವುಗಳ ಬೇರು ಹುಡುಕುವವರು ಈ ತಾಯಿಯ ಮೇಜಿನತ್ತಲೂ ಒಮ್ಮೆ ನೋಡಬೇಕು ಅನ್ನಿಸುತ್ತದೆ ನನಗೆ.

ಪ್ಯಾಸಾದಲ್ಲಿ ಮಾತು ಮತ್ತು ಬೆಳಕು ಹೇಗೆ ಕೂಡುತ್ತವೆ ಎಂಬುದನ್ನು ನಿಧಾನವಾಗಿ ನೋಡಬೇಕು. ಚಿತ್ರ ತೆರೆದುಕೊಳ್ಳುವಾಗ ವಿಜಯ ಉದ್ಯಾನದಲ್ಲಿ ಮಲಗಿದ್ದಾನೆ. ಹೂವು, ದುಂಬಿ. ಹಿನ್ನೆಲೆಯಲ್ಲಿ ರಫಿ ದನಿ, ವಾದ್ಯ ಇದೆಯೋ ಇಲ್ಲವೋ ಎಂಬಷ್ಟು ಹಗುರ. ದುಂಬಿ ಯಾರದೋ ಬೂಟಿಗೆ ಸಿಕ್ಕುತ್ತದೆ. ಪದ್ಯ ಅಲ್ಲಿಗೇ ನಿಲ್ಲುತ್ತದೆ. ಹಾಡು ಅನ್ನಲಾಗದ, ಬರೀ ಮಾತು ಅನ್ನಲೂ ಆಗದ ಈ ಒಂದೆರಡು ನಿಮಿಷದಲ್ಲೇ ಚಿತ್ರ ತನ್ನ ನಿಯಮವನ್ನು ಹೇಳಿಬಿಡುತ್ತದೆ: ಇಲ್ಲಿ ರಾಗ ಕವಿತೆಗೆ ದಾರಿ ಬಿಡುತ್ತದೆ. ರಾಗಕ್ಕೆ ತಕ್ಕಂತೆ ಪದ ಜೋಡಿಸುವುದು ಆ ಕಾಲದ ವಾಡಿಕೆ. ಬರ್ಮನ್ ಕೂಡ ಅದೇ ಪದ್ಧತಿಯವರು. ಪ್ಯಾಸಾದಲ್ಲಿ ಅವರು ಮುಷಾಯಿರಾದಲ್ಲಿ ಕವಿ ತಾನೇ ಎಳೆದು ಓದುವ ಧಾಟಿಯ ಹತ್ತಿರ ಬಂದು ನಿಂತರು. ಅಂಥ ದೊಡ್ಡ ಸಂಯೋಜಕ ಹಾಗೆ ತಡೆದು ನಿಂತದ್ದು ಸಣ್ಣ ಮಾತಲ್ಲ. ಈ ಚಿತ್ರದ ನಂತರ ಬರ್ಮನ್, ಸಾಹಿರ್ ಇಬ್ಬರೂ ಮತ್ತೆ ಕೂಡಿ ಕೆಲಸ ಮಾಡಲಿಲ್ಲ ಎಂಬುದನ್ನು ನೆನೆದರೆ ಸಂಕಟವಾಗುತ್ತದೆ.

ಪ್ರಕಾಶಕ ಘೋಷ್ ಮನೆಯ ಔತಣಕೂಟಕ್ಕೆ ಬನ್ನಿ. ಕವಿಗಳ ಸಭೆಯಲ್ಲಿ ವಿಜಯ ಆಳಿನಂತೆ ಪಾನೀಯ ಹಂಚುತ್ತಿದ್ದಾನೆ. ಅವನು ಪ್ರೀತಿಸಿದ್ದ ಮೀನಾ ಅದೇ ಮನೆಯ ಯಜಮಾನಿ. ಪುಸ್ತಕದ ಕಪಾಟುಗಳ ಎದುರು ನಿಂತು ಅವನು ಹಾಡುತ್ತಾನೆ. ದನಿ ಹೇಮಂತ ಕುಮಾರ್ ಅವರದು. ಕ್ಯಾಮೆರಾ ಅವಸರವಿಲ್ಲದೆ ಅವನ ಮುಖದ ಹತ್ತಿರಕ್ಕೆ ಹೋಗುತ್ತದೆ, ಮೀನಾಳ ಮುಖಕ್ಕೆ ಬರುತ್ತದೆ, ಎಲ್ಲವನ್ನೂ ಅಳೆಯುತ್ತಿರುವ ಗಂಡನ ಕಣ್ಣಿಗೆ ತಾಗುತ್ತದೆ. ಮೂವರಿಗೂ ಒಂದೇ ಕವಿತೆ ಮೂರು ಬಗೆಯಲ್ಲಿ ಕೇಳಿಸುತ್ತಿದೆ ಎಂಬುದನ್ನು ಬೆಳಕೇ ಹೇಳುತ್ತದೆ. ಕವಿಯ ಮುಖಕ್ಕೆ ಬಿದ್ದಷ್ಟು ಬೆಳಕು ಮಿಕ್ಕವರಿಗಿಲ್ಲ. ಉರ್ದು ಅಷ್ಟಾಗಿ ಬಾರದ ನನ್ನಂಥವನಿಗೆ ಸಾಹಿರ್ ಅರ್ಥವಾಗತೊಡಗಿದ್ದು ಇಂಥ ಕಡೆ. ಪದದ ಅರ್ಥ ಆಮೇಲೆ ಸಾಹೇಬರಿಂದ ಕೇಳಿ ತಿಳಿದದ್ದು. ಭಾವ ಮೊದಲೇ ತಲುಪಿತ್ತು.

ಇನ್ನು ಸಭಾಂಗಣದ ಹಾಡು. ವಿಜಯ ಬಾಗಿಲ ಚೌಕಟ್ಟಿನಲ್ಲಿ ಎರಡೂ ಕೈ ಚಾಚಿ ನಿಲ್ಲುತ್ತಾನೆ, ಬೆಳಕೆಲ್ಲ ಅವನ ಬೆನ್ನ ಹಿಂದೆ. ಶಿಲುಬೆಯ ನೆನಪು ಬಾರದವರಿಲ್ಲ. ಅದನ್ನು ಎಷ್ಟೋ ಜನ ಬರೆದಿದ್ದಾರೆ. ನಮ್ಮ ಹುಡುಗಿ ತೋರಿಸಿದ್ದು ಬೇರೆ: ಹಾಡು ಶುರುವಾದಾಗ ಅವನಿಗೆ ಮುಖವೇ ಇಲ್ಲ, ಆಕಾರ ಮಾತ್ರ. ಮೊದಲು ಮಾತು ಸಭೆಯನ್ನು ಮುಟ್ಟುತ್ತದೆ, ಮುಖ ಬರುವುದು ಆಮೇಲೆ. ಗುಲಾಬೋಗೆ ಕವಿತೆ ತಲುಪಿದ ಕ್ರಮವೇ ಇಲ್ಲೂ ಇದೆ ಎಂದಳು. ಸಾಹೇಬರು ಎದ್ದು ಹೋಗಿ ಅವಳ ತಲೆಯ ಮೇಲೆ ಕೈಯಿಟ್ಟರು.

ಸಾಹಿರ್ ಅಭಿಮಾನಿಗಳು ‘ಕಾಗಜ್ ಕೆ ಫೂಲ್’ ಚಿತ್ರವನ್ನೂ ಬಿಡುವುದಿಲ್ಲ, ಅದರ ಹಾಡುಗಳು ಕೈಫಿ ಆಜ್ಮಿಯವರದಾದರೂ. ಕಾಲ ಇಬ್ಬರನ್ನು ಬೇರೆಮಾಡಿದ ಬಗೆಯನ್ನು ಹೇಳುವ, ಗೀತಾ ದತ್ ಹಾಡಿದ ಆ ಹಾಡಿಗೆ ಮೂರ್ತಿ ಮಾಡಿದ ಕೆಲಸ ಈಗ ದಂತಕಥೆ. ದೊಡ್ಡ ದೀಪಗಳಿಂದ ಸೂರ್ಯನ ಕಿರಣದಂಥ ನೇರ ಸಮಾಂತರ ಬೆಳಕು ಬರುವುದಿಲ್ಲ, ಹರಡಿಬಿಡುತ್ತದೆ. ಅದಕ್ಕೇ ಮೂರ್ತಿ ಸ್ಟುಡಿಯೊ ಹೊರಗೆ ದೊಡ್ಡ ಕನ್ನಡಿ ಇಟ್ಟು ನಿಜವಾದ ಬಿಸಿಲನ್ನೇ ಒಳಗೆ ತಿರುಗಿಸಿದರು. ಒಳಗೆ ಮೇಲೆ ಇಟ್ಟ ಇನ್ನೊಂದು ಕನ್ನಡಿ ಅದನ್ನು ನೆಲಕ್ಕಿಳಿಸಿತು. ಕತ್ತಲ ಸ್ಟುಡಿಯೊದೊಳಗೆ ಬಿಸಿಲುಕೋಲು ನಿಂತಿತು, ಅದರ ಎರಡು ಬದಿಗೆ ಗುರುದತ್ ಮತ್ತು ವಹೀದಾ ರೆಹಮಾನ್. ಇದು ನಮ್ಮ ದೇಶದ ಮೊದಲ ಸಿನಿಮಾಸ್ಕೋಪ್ ಚಿತ್ರ. 1959ರಲ್ಲಿ ಅದು ಸೋತಿತು, ಗುರುದತ್ ಮತ್ತೆ ನಿರ್ದೇಶಕನಾಗಿ ತಮ್ಮ ಹೆಸರು ಹಾಕಿಕೊಳ್ಳಲಿಲ್ಲ. ಮೂರ್ತಿಯವರಿಗೆ ಮಾತ್ರ ಫಿಲ್ಮ್‌ಫೇರ್ ಬಂತು. ಉಮಾ ರಾವ್ ಕನ್ನಡದಲ್ಲಿ ಬರೆದ ಅವರ ಜೀವನಕಥೆಗೆ ‘ಬಿಸಿಲು ಕೋಲು’ ಎಂದೇ ಹೆಸರು. ಹಿಂದಿ ಚಿತ್ರಗಳ ಕಥೆಯೆಂದು ಅದನ್ನು ಬದಿಗಿಡದೆ ಕನ್ನಡದ ಓದುಗರು ಓದಬೇಕಾದ ಪುಸ್ತಕ.

ನಮ್ಮಲ್ಲೂ

ಕವಿತೆಯನ್ನು ನಂಬಿ ಚಿತ್ರ ಮಾಡಿದವರು ಕನ್ನಡದಲ್ಲಿ ಇದ್ದಾರೆ. 1965ರ ‘ಮಿಸ್ ಲೀಲಾವತಿ’ಗೆ ಕುವೆಂಪು ಕವಿತೆ ಬಂತು, 1967ರ ‘ಬೆಳ್ಳಿಮೋಡ’ಕ್ಕೆ ಪುಟ್ಟಣ್ಣ ಕಣಗಾಲ್ ಬೇಂದ್ರೆಯವರ ಬೆಳಗನ್ನು ತಂದರು. ಕೆ.ಎಸ್. ನರಸಿಂಹಸ್ವಾಮಿಯವರ ‘ಮೈಸೂರು ಮಲ್ಲಿಗೆ’ 1942ರಲ್ಲಿ ಪ್ರಕಟವಾದ ಸಂಕಲನ. ಅರ್ಧ ಶತಮಾನದ ನಂತರ ನಾಗಾಭರಣ ಅದನ್ನು ಚಿತ್ರ ಮಾಡಿದಾಗ ಕವಿಗೆ ಅತ್ಯುತ್ತಮ ಗೀತರಚನೆಗೆ ರಾಷ್ಟ್ರಪ್ರಶಸ್ತಿ ಬಂತು. ಸಾಹಿರ್ ತಮ್ಮ ಹಳೆಯ ಕವಿತೆಯನ್ನು ಪ್ಯಾಸಾಕ್ಕೆ ಕೊಟ್ಟದ್ದಕ್ಕೂ ಇದಕ್ಕೂ ಹತ್ತಿರದ ನಂಟಿದೆ. ವ್ಯತ್ಯಾಸವೂ ಇದೆ. ನಮ್ಮ ಚಿತ್ರಗಳಲ್ಲಿ ಹೀಗೆ ಬಂದ ಕವಿತೆ ಬಹುಮಟ್ಟಿಗೆ ಪ್ರಕೃತಿ, ದಾಂಪತ್ಯಗಳದು. ಬೀದಿಯಲ್ಲಿ ನಿಂತು ದೇಶವನ್ನೇ ಪ್ರಶ್ನಿಸುವ ಕವಿತೆಗೆ ಕನ್ನಡ ಸಿನಿಮಾ ಅಷ್ಟು ದೊಡ್ಡ ಜಾಗ ಕೊಡಲಿಲ್ಲ ಎಂಬುದು ನನ್ನ ಅಭಿಪ್ರಾಯ. ಅಂಥ ಕವಿತೆ ನಮ್ಮಲ್ಲಿರಲಿಲ್ಲವೆಂದಲ್ಲ. ಬಂಡಾಯದ, ದಲಿತ ಚಳವಳಿಯ ಹಾಡುಗಳು ಮೈದಾನಗಳಲ್ಲಿ ಮೊಳಗುತ್ತಿದ್ದವು. ಚಿತ್ರಮಂದಿರದ ಬಾಗಿಲು ಅವಕ್ಕೆ ತೆರೆದದ್ದು ಕಡಿಮೆ.

ಮೂರ್ತಿ ಕನ್ನಡಕ್ಕೂ ಒಂದು ಚಿತ್ರ ಮಾಡಿಕೊಟ್ಟರು. ತ್ರಿವೇಣಿಯವರ ಕಾದಂಬರಿ ಆಧರಿಸಿ ರಾಜೇಂದ್ರ ಸಿಂಗ್ ಬಾಬು ನಿರ್ದೇಶಿಸಿದ ‘ಹೂವು ಹಣ್ಣು’, 1993ರದ್ದು. ಆ ಕಾದಂಬರಿಯೂ ದೇಹ ಮಾರಿ ಮಗಳನ್ನು ಸಾಕಬೇಕಾದ ಹೆಣ್ಣೊಬ್ಬಳ ಕಥೆ. ಗುಲಾಬೋಳ ಮುಖಕ್ಕೆ ಬೆಳಕು ಹಿಡಿದ ಕೈ ಮೂವತ್ತಾರು ವರ್ಷದ ಮೇಲೆ ಕನ್ನಡದ ಇಂಥದೇ ಹೆಣ್ಣಿಗೂ ಬೆಳಕು ಹಿಡಿಯಿತು.

ಮುಂಬೈ ಬಿಟ್ಟು ಬಂದ ಮೇಲೆ ಮೂರ್ತಿಯವರ ವಾಸ ಶಂಕರಪುರದಲ್ಲಿ. 2008ರ ಸಾಲಿನ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಅವರಿಗೆಂದು 2010ರಲ್ಲಿ ಪ್ರಕಟವಾಯಿತು. ಛಾಯಾಗ್ರಾಹಕರೊಬ್ಬರಿಗೆ ಆ ಗೌರವ ಸಂದದ್ದು ಅದೇ ಮೊದಲು. 2014ರ ಏಪ್ರಿಲ್ 7ರಂದು ಅವರು ಇಲ್ಲೇ ತೀರಿಕೊಂಡರು. ಸಾಹಿರ್ 1980ರಲ್ಲಿ ಹೋಗಿದ್ದರು, ಗುರುದತ್ 1964ರಷ್ಟು ಹಿಂದೆಯೇ. 2025ರ ಆಗಸ್ಟ್‌ನಲ್ಲಿ ಗುರುದತ್ ಶತಮಾನೋತ್ಸವಕ್ಕೆ ಅವರ ಚಿತ್ರಗಳ ದುರಸ್ತಿಯಾದ ಪ್ರತಿಗಳು ದೇಶದ ಹಲವು ನಗರಗಳ ಚಿತ್ರಮಂದಿರಗಳಿಗೆ ಬಂದವು. ಟೀವಿಯಲ್ಲಿ ಮಸುಕಾಗಿ ನೋಡಿದವರಿಗೆ ಮೂರ್ತಿಯವರ ಕಪ್ಪಿನೊಳಗೂ ಎಷ್ಟು ಮೆಟ್ಟಿಲುಗಳಿವೆ ಎಂಬುದು ದೊಡ್ಡ ಪರದೆಯ ಮೇಲೆ ಮಾತ್ರ ಕಾಣುವಂಥದ್ದು.

ನನ್ನದೊಂದು ಆಸೆ ಇದೆ. ಚಾಮರಾಜಪೇಟೆಯ ಯಾವುದಾದರೂ ಸಭಾಂಗಣದಲ್ಲಿ, ಸಾಧ್ಯವಾದರೆ ಪರಿಷತ್ತಿನಲ್ಲೇ, ಒಂದು ಸಂಜೆ ಪ್ಯಾಸಾ ತೋರಿಸಬೇಕು. ಸಾಹಿರ್ ಕವಿತೆಗಳನ್ನು ಮೊದಲು ಉರ್ದುವಿನಲ್ಲಿ, ಆಮೇಲೆ ಕನ್ನಡದಲ್ಲಿ ಓದಿಸಬೇಕು. ವಾಸಂತಿ ಪಡುಕೋಣೆಯವರ ಪುಸ್ತಕದ ಕೆಲವು ಪುಟಗಳನ್ನೂ ಓದಬೇಕು. ಕನ್ನಡದ ಮನೆಯಲ್ಲಿ ಉರ್ದು ಕವಿಗೆ ಹೀಗೆ ಚಾಪೆ ಹಾಸುವುದು ಈ ಪೇಟೆಗೆ ಒಪ್ಪುವ ಕೆಲಸ.

ಅಲ್ಲಿಯವರೆಗೆ ನಡುಮನೆಯ ಕೂಟ ಇದ್ದೇ ಇದೆ. ಮುಂದಿನ ಸಲ ‘ಫಿರ್ ಸುಬಹ್ ಹೋಗಿ’, 1958ರದ್ದು, ದಸ್ತಯೆವ್‌ಸ್ಕಿಯ ‘ಅಪರಾಧ ಮತ್ತು ಶಿಕ್ಷೆ’ಯನ್ನು ಆಧರಿಸಿದ್ದು. ಆ ಕಾದಂಬರಿಯನ್ನು ಓದಿರುವವರೇ ಇದಕ್ಕೆ ಸಂಗೀತ ಕೊಡಬೇಕು ಎಂದು ಸಾಹಿರ್ ಹಟ ಹಿಡಿದದ್ದರಿಂದ ಖಯ್ಯಾಮ್ ಆಯ್ಕೆಯಾದರು ಎಂದು ಹೇಳುತ್ತಾರೆ. ಸಾಹೇಬರು ಅದನ್ನೇ ನಮಗೂ ಷರತ್ತು ಮಾಡಿದ್ದಾರೆ: ಓದಿಕೊಂಡು ಬಂದವರಿಗೇ ಹಾಡು. ಹುಡುಗಿ ಕನ್ನಡ ಅನುವಾದ ಹಿಡಿದು ಕೂತಿದ್ದಾಳೆ. ಟೀಚರಮ್ಮ ಹಿಂದಿಯಲ್ಲಿ ಓದುತ್ತಿದ್ದಾರೆ, ರಸ್ಕೋಲ್ನಿಕೋವ್ ಕೊಡಲಿ ಬಚ್ಚಿಟ್ಟುಕೊಳ್ಳುವ ಪುಟಕ್ಕೆ ಬಂದಿದ್ದಾರಂತೆ.